ಹೈಸ್ಕೂಲಿಗೆಷ್ಟು, ಕಾಲೇಜಿಗೆಷ್ಟು?

ನಮಸ್ಕಾರ ಮೇಡಂ,

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಿಂದ ನೀವು ಬರೆದ ಪತ್ರ ಎರಡು ಸಲ ಓದಿದೆ. ವೆಲ್ಡಿಂಗು, ಆಟೋ ರಿಪೇರಿ ಎಲ್ಲಾ ಕಮ್ಯುನಿಟಿ ಕಾಲೇಜಲ್ಲೇ (ಹೈಸ್ಕೂಲ್ ಮುಗಿಸಿದೋರು ಹೋಗೋ ಎರಡು ವರ್ಷದ ಕಾಲೇಜು) ಚೆನ್ನಾಗಿ ಹೇಳ್ಕೊಡ್ತಾರೆ, ಈ ಕಸುಬು ಕಲಿಸೋಕೆ ಸರ್ಕಾರ ಕೊಡೋ ದುಡ್ಡನ್ನ ಹೈಸ್ಕೂಲಿಗೂ ಹಂಚಿ ಯಾಕೆ ಹಾಳ್ಮಾಡ್ತಾರೆ ಅಂತ ಕೇಳಿದೀರ. ಸಿಟ್ಟು ಅರ್ಥ ಆಗುತ್ತೆ. ನಮ್ಮ ಕಡೆ ಒಂದು ಹೈಸ್ಕೂಲಿನ ಶಾಪ್ ರೂಮಲ್ಲಿ, ಅಂದ್ರೆ ಕೈಕೆಲಸ ಕಲಿಸೋ ವರ್ಕ್‌ಶಾಪಲ್ಲಿ, ಲೇತ್ ಮಷೀನಿಗೆ ನೀಲಿ ಟಾರ್ಪಾಲ್ ಹೊದ್ಸಿ ಅದರ ಮೇಲೆ ಹಳೇ ಪುಸ್ತಕದ ಡಬ್ಬ ಪೇರಿಸಿದ್ದನ್ನ ನಾನೇ ನೋಡಿದೀನಿ, ಮೇಷ್ಟ್ರು ರಿಟೈರಾದ್ರು, ಇನ್ನೊಬ್ರು ಬರ್ಲಿಲ್ಲ, ಅಷ್ಟೇ.

ಆದ್ರೂ ಸ್ಕೂಲಿನ ಪಾಲು ಕಿತ್ಕೋಬಾರ್ದು ಅಂತೀನಿ. ಕಸುಬು ಕಲಿಸೋಕೆ ಅಮೆರಿಕದ ಕೇಂದ್ರ ಸರ್ಕಾರ ರಾಜ್ಯಗಳಿಗೆ ದುಡ್ಡು ಕೊಡೋದು ಪರ್ಕಿನ್ಸ್ ಕಾಯ್ದೆ ಮೇಲೆ, ಅದು 2018ರಲ್ಲಿ ಹೊಸದಾಗಿ ಪಾಸಾಯ್ತಲ್ಲ, ಅದರ ಪ್ರಕಾರ ರಾಜ್ಯಕ್ಕೆ ಬರೋ ದುಡ್ಡಲ್ಲಿ ಕಡಿಮೆ ಅಂದ್ರೂ 85% ಸ್ಕೂಲು ಕಾಲೇಜುಗಳಿಗೇ ಹೋಗ್ಬೇಕು, ಆದ್ರೆ ಯಾರಿಗೆಷ್ಟು ಅಂತ ವಾಷಿಂಗ್ಟನ್ ಹೇಳಲ್ಲ, ರಾಜ್ಯಕ್ಕೇ ಬಿಟ್ಟಿದೆ, ಎಳೆದಾಟ ಇರೋದೇ ಅಲ್ಲಿ. ಪಾಲಾದ್ಮೇಲೆ ಸ್ಕೂಲ್ ಡಿಸ್ಟ್ರಿಕ್ಟುಗಳಿಗೆ (ಒಂದೊಂದು ಪ್ರದೇಶದ ಸರ್ಕಾರಿ ಸ್ಕೂಲು ನಡೆಸೋ ಸಂಸ್ಥೆ) ಹಂಚೋವಾಗ 70% ಬಡ ಮಕ್ಕಳ ಲೆಕ್ಕದ ಮೇಲೆ, 30% ಒಟ್ಟು ಮಕ್ಕಳ ಲೆಕ್ಕದ ಮೇಲೆ. ಕಾಲೇಜಿಗಾದ್ರೆ ಮುಖ್ಯವಾಗಿ ಪೆಲ್ ಗ್ರಾಂಟ್, ಅಂದ್ರೆ ಬಡ ಕಾಲೇಜ್ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡೋ ನೆರವು, ತಗೊಳ್ಳೋರು ಎಷ್ಟು ಜನ ಅಂತ. ಅಂದ್ರೆ ಕಾಲೇಜಿನ ಲೆಕ್ಕದಲ್ಲಿ ಬರೋರು ಈಗಾಗ್ಲೇ ಆ ಬಾಗಿಲು ದಾಟಿದೋರು. ದಾಟೋಕೇ ಆಗದೆ ಹೋಗೋ ಬಡವರ ಮನೆ ಹುಡುಗ ಲೆಕ್ಕಕ್ಕೆ ಸಿಗೋದು ಹೈಸ್ಕೂಲಿನ ಪಾಲಲ್ಲಿ ಮಾತ್ರ. ಎಲ್ಲಾನೂ ಕಾಲೇಜಿಗೆ ಕೊಟ್ರೆ ಅವನು ಯಾರ ಲೆಕ್ಕದಲ್ಲೂ ಇರಲ್ಲ ಮೇಡಂ, ನನಗೆ ಸಂಕಟ ಆಗೋದು ಇದಕ್ಕೇ.

ಪ್ರತಿ ಸ್ಕೂಲಿಗೂ ದುಬಾರಿ ಮಷೀನ್ ಬೇಕು ಅಂತ ನಾನೂ ಹೇಳಲ್ಲ. ಸ್ಕೂಲಲ್ಲಿ ಒಬ್ಬ ಒಳ್ಳೆ ಮೇಷ್ಟ್ರು, ಕೈಗೆ ಟೂಲ್ಸು ಸಿಕ್ರೆ ಸಾಕು, ದೊಡ್ಡ ಮಷೀನು ಕಾಲೇಜಲ್ಲೇ ಇರ್ಲಿ. ಕ್ಯಾಲಿಫೋರ್ನಿಯಾದಲ್ಲಿ 2015ರ ಕಾನೂನಿಂದ ಹೈಸ್ಕೂಲ್ ಮಕ್ಕಳು ಫೀಸಿಲ್ಲದೆ ಕಾಲೇಜ್ ಕ್ಲಾಸ್ ತಗೋಬಹುದು, ಡ್ಯುಯಲ್ ಎನ್ರೋಲ್ಮೆಂಟು. ನನ್ನ ಫ್ರೆಂಡ್ ಮಗ ಹಾಗೇ ಹೋಗ್ತಾನೆ, ಸಂಜೆ ವೆಲ್ಡಿಂಗ್ ಬೂತಲ್ಲಿ ಹೆಲ್ಮೆಟ್ ಹಾಕ್ಕೊಂಡು ನಿಂತ್ರೆ ಅಮ್ಮ ಹೊರಗೆ ಕಾರಲ್ಲಿ ಕಾಯ್ತಾ ಕೂತಿರ್ತಾಳೆ. ಅವನಿಗೆ ಆ ಹುಚ್ಚು ಹತ್ತಿದ್ದು ಮಾತ್ರ ಒಂಬತ್ತನೇ ಕ್ಲಾಸಿನ ಶಾಪ್ ಪೀರಿಯಡ್ಡಲ್ಲಿ.

ಪರ್ಕಿನ್ಸ್ ದುಡ್ಡು ತಗೊಳ್ಳೋ ಡಿಸ್ಟ್ರಿಕ್ಟು ಎರಡು ವರ್ಷಕ್ಕೊಮ್ಮೆಯಾದ್ರೂ ಏನ್ ಬೇಕು ಏನ್ ಬೇಡ ಅಂತ ಪರಿಶೀಲನೆ ಮಾಡ್ಬೇಕು, ಅದರಲ್ಲಿ ಅಪ್ಪ ಅಮ್ಮಂದಿರನ್ನೂ ಕೇಳ್ಬೇಕು ಅಂತ ಕಾಯ್ದೇಲೇ ಇದೆ. ನಿಮ್ಮಲ್ಲಿ ಮುಂದಿನದು ಯಾವಾಗ ಅಂತ ಫೋನ್ ಮಾಡಿ ಕೇಳಿ, ಹೋಗಿ. ಹಾಗೇ ಶಾಪ್ ರೂಮ್ ಬಾಗಿಲು ತೆಗೆಸಿ ಒಳಗೆ ಏನಿದೆ ನೋಡಿ, ನನಗೆ ಬರೀರಿ.

– ಸಂ.