ಓದುಗರ ಪ್ರಶ್ನೆ: ಅರಣ್ಯ ಚಿಕಿತ್ಸೆಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ?

ಪ್ರಶ್ನೆ: ದಿನಾ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಒಂದು ಗಂಟೆ ನಡೆಯುತ್ತೇನೆ. ಗೆಳತಿಯರು ದುಡ್ಡು ಕೊಟ್ಟು ‘ಫಾರೆಸ್ಟ್ ಬಾತಿಂಗ್’ಗೆ ಹೋಗುತ್ತಿದ್ದಾರೆ. ನನ್ನ ವಾಕಿಂಗ್‌ಗೂ ಅದಕ್ಕೂ ಏನು ವ್ಯತ್ಯಾಸ? – ಬೆಂಗಳೂರಿನ ಓದುಗಿ

ಉತ್ತರ: ನಿಮ್ಮ ವಾಕಿಂಗ್ ಹೃದಯಕ್ಕೂ ಸಕ್ಕರೆ ಹತೋಟಿಗೂ ಬೇಕೇ ಬೇಕು, ಬಿಡಬೇಡಿ. ಫಾರೆಸ್ಟ್ ಬಾತಿಂಗ್, ಅಂದರೆ ಅರಣ್ಯ ಚಿಕಿತ್ಸೆಯ ಗುರಿ ವ್ಯಾಯಾಮ ಅಲ್ಲ. ನೀವು ಗಂಟೆಗೆ ನಾಲ್ಕೈದು ಕಿ.ಮೀ. ನಡೆಯುತ್ತೀರಿ. ಅಲ್ಲಿ ಎರಡೂವರೆ ಗಂಟೆಯಾದರೂ ಒಂದು ಕಿ.ಮೀ. ದಾಟುವುದು ಅಪರೂಪ.

1982ರಲ್ಲಿ ಜಪಾನಿನ ಅರಣ್ಯ ಇಲಾಖೆ ‘ಶಿನ್‌ರಿನ್-ಯೋಕು’ (ಅರಣ್ಯ ಸ್ನಾನ) ಎಂಬ ಹೆಸರಿನಲ್ಲಿ ಇದನ್ನು ಜನರ ಮುಂದಿಟ್ಟಿತು. ಮಾರ್ಗದರ್ಶಕರು ನಡೆಸುವ ಈಗಿನ ಕ್ರಮ ಹೆಚ್ಚುಕಡಿಮೆ ಹೀಗಿರುತ್ತದೆ. ಮೊದಲ ಹದಿನೈದು ನಿಮಿಷ ಫೋನ್ ಆರಿಸಿ, ನಿಂತಲ್ಲೇ ಕಣ್ಣು ಮುಚ್ಚಿ, ಹತ್ತಿರದ ಸದ್ದು, ದೂರದ ಸದ್ದು, ಗಾಳಿಯ ತಂಪು, ಮಣ್ಣಿನ ವಾಸನೆ ಹೀಗೆ ಒಂದೊಂದನ್ನೇ ಗಮನಿಸುವುದು. ನಂತರ ಇಪ್ಪತ್ತು ನಿಮಿಷ, ಕಾಡಿನಲ್ಲಿ ಏನೇನು ಅಲುಗಾಡುತ್ತಿದೆ ಎಂದು ನೋಡುತ್ತ ಅತಿ ನಿಧಾನದ ನಡಿಗೆ. ಆಮೇಲೆ ಎರಡು ಮೂರು ಸಣ್ಣ ಆಹ್ವಾನಗಳು: ತೊಗಟೆಗಳನ್ನು ಮುಟ್ಟಿ ಹೋಲಿಸುವುದು, ನೆರಳು–ಬೆಳಕು ಸೇರುವ ಗೆರೆಯನ್ನು ಹಿಂಬಾಲಿಸುವುದು, ಇಂಥವು. ಪ್ರತಿಯೊಂದರ ನಂತರ ವೃತ್ತದಲ್ಲಿ ನಿಂತು ಬೇಕಾದವರು ಒಂದು ಮಾತು ಹೇಳಬಹುದು, ಬೇಡದವರು ಸುಮ್ಮನಿರಬಹುದು. ಕೊನೆಗೆ ಒಂದೇ ಜಾಗದಲ್ಲಿ ಇಪ್ಪತ್ತು ನಿಮಿಷ ಒಬ್ಬೊಬ್ಬರೇ ಕುಳಿತು, ಎದ್ದು ಬಂದು ಚಹಾ ಕುಡಿಯುವುದು.

ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ: ಮಾರ್ಗದರ್ಶಕರು ಗಿಡಗಳ ಹೆಸರು, ಹಕ್ಕಿಗಳ ಮಾಹಿತಿ ಹೇಳುತ್ತಲೇ ಇರುತ್ತಾರೆ. ಆಗ ಅದು ಒಳ್ಳೆಯ ನಿಸರ್ಗ ಪಾಠವಾಗುತ್ತದೆ, ಆದರೆ ತಲೆಗೆ ವಿಶ್ರಾಂತಿ ಸಿಗುವುದಿಲ್ಲ. ಹಣ ಕೊಡುವ ಮೊದಲು ಎಷ್ಟು ಹೊತ್ತು ಮೌನ ಇರುತ್ತದೆ, ಗುಂಪಿನಲ್ಲಿ ಎಷ್ಟು ಜನ ಎಂದು ಕೇಳಿ. ಇಪ್ಪತ್ತೈದು ಜನರ ಗುಂಪಾದರೆ ಹೋಗಬೇಡಿ.

ನೀವು ಲಾಲ್‌ಬಾಗ್‌ನಲ್ಲೇ ಶುರುಮಾಡಬಹುದು. ಅಮೆರಿಕದಲ್ಲಿ 36 ನಗರವಾಸಿಗಳ ಮೇಲೆ ಎಂಟು ವಾರ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಸಿರಿನ ನಡುವೆ 20ರಿಂದ 30 ನಿಮಿಷ ಕಳೆದಾಗ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಅತಿ ವೇಗವಾಗಿ ಇಳಿಯಿತು. ವಾರಕ್ಕೆ ಮೂರು ದಿನ ವಾಕಿಂಗ್ ಮುಗಿದ ಮೇಲೆ ಜನಸಂಚಾರ ಕಡಿಮೆಯಿರುವ ಒಂದೇ ಜಾಗದಲ್ಲಿ ಅಷ್ಟು ಹೊತ್ತು ಕುಳಿತುಕೊಳ್ಳಿ. ಇಯರ್‌ಫೋನ್ ಬೇಡ.

ಪ್ರಶ್ನೆ: ಕಾಡಿನ ಗಾಳಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ, ಬಿ.ಪಿ. ಮಾತ್ರೆ ಬಿಡಬಹುದು ಎಂಬ ವಾಟ್ಸ್‌ಆ್ಯಪ್ ಸಂದೇಶ ಬಂದಿದೆ. ನಿಜವೇ? – ದಾವಣಗೆರೆಯ ಓದುಗರು

ಉತ್ತರ: ಮಾತ್ರೆ ಬಿಡಬೇಡಿ. ಸಂದೇಶದ ಮೂಲದಲ್ಲಿ ನಿಜವಾದ ಸಂಶೋಧನೆ ಇದೆ, ಅದನ್ನು ಹಿಗ್ಗಿಸಲಾಗಿದೆ.

ಟೋಕಿಯೊದ ನಿಪ್ಪಾನ್ ವೈದ್ಯಕೀಯ ಶಾಲೆಯ ಡಾ. ಚಿಂಗ್ ಲಿ ತಂಡ 12 ಪುರುಷ ಉದ್ಯೋಗಿಗಳನ್ನು ಮೂರು ಹಗಲು, ಎರಡು ರಾತ್ರಿಯ ಕಾಡಿನ ಪ್ರವಾಸಕ್ಕೆ ಕರೆದೊಯ್ದು ರಕ್ತ ಪರೀಕ್ಷಿಸಿತು. ಸೋಂಕಿತ ಕೋಶಗಳನ್ನೂ ಗಡ್ಡೆಯ ಕೋಶಗಳನ್ನೂ ನಾಶಮಾಡುವ ‘ಎನ್‌.ಕೆ.’ ಬಿಳಿ ರಕ್ತಕಣಗಳ ಚಟುವಟಿಕೆ ಸುಮಾರು ಶೇ 50ರಷ್ಟು ಹೆಚ್ಚಿತ್ತು. ಮುಂದಿನ ಅಧ್ಯಯನದಲ್ಲಿ ಈ ಏರಿಕೆ ಒಂದು ವಾರಕ್ಕೂ ಹೆಚ್ಚು ಉಳಿಯಿತು, ನಗರ ಪ್ರವಾಸದಲ್ಲಿ ಹಾಗಾಗಲಿಲ್ಲ. ಮರಗಳು ಹೊರಬಿಡುವ ಪೈನೀನ್‌ನಂಥ ಆವಿಗಳು ಕಾರಣವಿರಬಹುದೆಂದು, ಹೋಟೆಲ್ ಕೋಣೆಯಲ್ಲಿ ಹಿನೋಕಿ ಮರದ ಎಣ್ಣೆಯನ್ನು ಆವಿಯಾಗಿಸಿಯೂ ನೋಡಿದರು. ಅಲ್ಲೂ ಏರಿಕೆ ಕಂಡಿತು.

ಆದರೆ ಹನ್ನೆರಡು ಜನರು ಬಹಳ ಕಡಿಮೆ. ಕಣಗಳ ಚಟುವಟಿಕೆ ಹೆಚ್ಚುವುದಕ್ಕೂ ಕ್ಯಾನ್ಸರ್ ವಾಸಿಯಾಗುವುದಕ್ಕೂ ನಡುವೆ ದೊಡ್ಡ ಅಂತರವಿದೆ, ಅದನ್ನು ಯಾವ ಅರಣ್ಯ ನಡಿಗೆಯೂ ದಾಟಿ ತೋರಿಸಿಲ್ಲ. ಜಪಾನಿನ ಕಾಡಿನ ಅಂಕಿಗಳನ್ನು ಬೇರೆಯೇ ಮರಗಳಿರುವ ಪಶ್ಚಿಮಘಟ್ಟದ ಕಾಡಿನ ಜಾಹೀರಾತಿಗೆ ಅಂಟಿಸುವುದೂ ತಪ್ಪು.

ಬಿ.ಪಿ.ಯ ಮಾತೂ ಅಷ್ಟೇ. ಜಪಾನಿನ 24 ಕಾಡುಗಳಲ್ಲಿ 280 ಯುವಕರ ಮೇಲೆ ನಡೆದ ಅಳತೆಯಲ್ಲಿ ನಾಡಿಬಡಿತ, ಕಾರ್ಟಿಸಾಲ್, ರಕ್ತದೊತ್ತಡ ಮೂರೂ ನಗರಕ್ಕಿಂತ ಕಾಡಿನಲ್ಲಿ ಕಡಿಮೆ ಇದ್ದವು. ರಕ್ತದೊತ್ತಡದ ಇಳಿಕೆ ಮಾತ್ರ ಶೇ 2ರ ಆಸುಪಾಸು. ಮನಸ್ಸಿನ ಬಿಗಿ ಸಡಿಲವಾಗುವುದು, ಆತಂಕ ತಗ್ಗುವುದು: ಮತ್ತೆ ಮತ್ತೆ ಕಂಡಿರುವ ಲಾಭ ಇದು, ಚಿಕ್ಕದೇನಲ್ಲ. ಔಷಧಿಯ ಜೊತೆಗೆ ಇಟ್ಟುಕೊಳ್ಳಿ, ಬದಲಿಗೆ ಬೇಡ.

ಪ್ರಶ್ನೆ: ಸೊಪ್ಪಿನ ಬೆಟ್ಟಕ್ಕೆ (ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು) ಅಂಟಿಕೊಂಡೇ ನಮ್ಮ ಹೋಂಸ್ಟೇ ಇದೆ. ಅತಿಥಿಗಳಿಗೆ ಅರಣ್ಯ ಚಿಕಿತ್ಸೆಯ ನಡಿಗೆ ಶುರುಮಾಡಬೇಕೆಂದಿದ್ದೇನೆ. ಏನೇನು ಬೇಕು? – ಶಿರಸಿಯ ಓದುಗರು

ಉತ್ತರ: ಮೊದಲು ಕಾಲ ನೋಡಿ. ಮಳೆಗಾಲದಲ್ಲಿ ಉಂಬಳ, ಜಾರುವ ನೆಲ, ಮುರಿದು ಬೀಳುವ ಕೊಂಬೆ. ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆ ಹರಡುವ ಉಣುಗು (ಉಣ್ಣೆ). 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ ನಿಮ್ಮ ಜಿಲ್ಲೆಯಲ್ಲೂ ಇದೆ. ಆದ್ದರಿಂದ ಅಕ್ಟೋಬರ್, ನವೆಂಬರ್ ನಿಮ್ಮ ಮುಖ್ಯ ಋತು. ಬೇಸಿಗೆಯಲ್ಲಿ ನಡೆಸುವುದಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿಯೇ ಮುಂದುವರಿಯಿರಿ. ಹತ್ತಿರ ಮಂಗ ಸತ್ತ ಸುದ್ದಿ ಬಂದರೆ ಆ ಋತುವಿಗೆ ನಿಲ್ಲಿಸಿ. ಸತ್ತ ಮಂಗನ ಬಳಿಗೆ ಯಾರೂ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

ಹೊರಗಿನ ಕೈಪಿಡಿಗಳನ್ನು ಹಾಗೇ ನಕಲು ಮಾಡಿದರೆ ಎಡವುವುದು ಇಲ್ಲಿಯೇ. ಅವು ಮರದ ಬುಡದಲ್ಲಿ ತರಗೆಲೆಯ ಮೇಲೆ ಕುಳಿತುಕೊಳ್ಳಿ, ಬರಿಗಾಲಲ್ಲಿ ನಡೆಯಿರಿ ಎನ್ನುತ್ತವೆ. ಮಲೆನಾಡಿನಲ್ಲಿ ಉಣುಗಿನ ಮರಿಗಳು ಇರುವುದೇ ಆ ತರಗೆಲೆಯಲ್ಲಿ. ಒಂದು ಕಿ.ಮೀ. ದಾರಿಯನ್ನು ಎರಡು ಮೀಟರ್ ಅಗಲಕ್ಕೆ ಗುಡಿಸಿ, ಕೂರುವ ಜಾಗಗಳಲ್ಲಿ ಕಲ್ಲು ಬೆಂಚು ಅಥವಾ ಮಡಚುವ ಸ್ಟೂಲ್ ಇಡಿ. ತುಂಬುತೋಳು, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಉಣುಗನ್ನು ದೂರವಿಡಲು ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲದ ಲೇಪ ಕಡ್ಡಾಯ. ಮುಗಿದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬದಲಾವಣೆ. ಹತ್ತು ದಿನದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕೆಂದು ಬೀಳ್ಕೊಡುವಾಗ ಚೀಟಿಯಲ್ಲಿ ಬರೆದುಕೊಡಿ.

ಮರ ಮುಟ್ಟುವ ಆಹ್ವಾನ ಕೊಡುವ ಮುನ್ನ ಮರ ಆಯ್ದುಕೊಳ್ಳಿ. ಹೊಳಗೇರು ಮರದ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ, ನಸುಗುನ್ನಿಕಾಯಿಯ ರೋಮ ತಾಗಿದರೆ ತುರಿಕೆ ತಡೆಯಲಾಗದು. ಊರಿನವರಿಗೆ ಗೊತ್ತಿರುವ ಇಂಥ ಸಂಗತಿ ನಗರದ ಅತಿಥಿಗೆ ಗೊತ್ತಿರುವುದಿಲ್ಲ. ಮುಟ್ಟಬಹುದಾದ ಮರಗಳಿಗೆ ಮೊದಲೇ ದಾರ ಕಟ್ಟಿ. ಹೆಜ್ಜೇನು ಕಟ್ಟಿರುವ ಮರವಿದ್ದರೆ ದಾರಿಯನ್ನೇ ಬದಲಿಸಿ. ಸೆಂಟು ಹಾಕಿಕೊಂಡು ಬರಬೇಡಿ ಎಂದು ಹಿಂದಿನ ದಿನವೇ ಹೇಳಿ. ಅಡಿಕೆ, ತೆಂಗಿನ ಮರದ ಕೆಳಗೆ ಯಾರನ್ನೂ ಕೂರಿಸಬೇಡಿ.

ಗುಂಪಿನಲ್ಲಿ ಎಂಟು ಜನ, ಮುಂದೊಬ್ಬರು, ಹಿಂದೊಬ್ಬರು. ಅರ್ಧ ಗಂಟೆ ಮೊದಲು ನೀವೇ ದಾರಿ ನಡೆದು ಹಾವು, ಒಣಕೊಂಬೆ ನೋಡಿ ಬನ್ನಿ. ಇನ್ಸುಲಿನ್ ತೆಗೆದುಕೊಳ್ಳುವವರು ತಿಂಡಿ ಇಟ್ಟುಕೊಳ್ಳಲಿ. ಇಪ್ಪತ್ತು ನಿಮಿಷ ಕುಳಿತವರು ಥಟ್ಟನೆ ಎದ್ದರೆ ತಲೆಸುತ್ತು ಬರಬಹುದು, ನಿಧಾನಕ್ಕೆ ಏಳಿಸಿ. ದುಃಖದಲ್ಲಿರುವ ಕೆಲವರಿಗೆ ಮೌನವೇ ಉಸಿರುಕಟ್ಟಿಸುತ್ತದೆ. ಕಣ್ಣು ಮುಚ್ಚುವುದು, ಒಬ್ಬರೇ ಕೂರುವುದು ಐಚ್ಛಿಕ ಎಂದು ಮೊದಲೇ ತಿಳಿಸಿ. ಕೊನೆಯ ಚಹಾಕ್ಕೆ ಅಲ್ಲೇ ಕಿತ್ತ ಕಾಡುಸೊಪ್ಪು ಬೇಡ, ಹಿತ್ತಲಿನ ಮಜ್ಜಿಗೆಹುಲ್ಲಿನ ಕಷಾಯ ಸಾಕು.

ಮೀಸಲು ಅರಣ್ಯಕ್ಕೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಬೋರ್ಡಿನಲ್ಲಿ ‘ರೋಗ ಗುಣವಾಗುತ್ತದೆ’ ಎಂದು ದಯವಿಟ್ಟು ಬರೆಸಬೇಡಿ.

ಪ್ರಶ್ನೆ: ಅಮ್ಮನಿಗೆ ಎಪ್ಪತ್ತೆಂಟು, ಮಂಡಿನೋವು. ಕಾಡಿಗೆ ಕರೆದೊಯ್ಯಲಾಗದು. – ಮೈಸೂರಿನ ಓದುಗರು

ಉತ್ತರ: ನಡೆಯಲೇಬೇಕೆಂದಿಲ್ಲ. ಮೇಲೆ ಹೇಳಿದ ಜಪಾನಿನ 24 ಕಾಡುಗಳ ಅಳತೆಗಳಲ್ಲಿ ಕುರ್ಚಿಯಲ್ಲಿ ಕುಳಿತು ಸುಮಾರು ಹದಿನೈದು ನಿಮಿಷ ಕಾಡು ನೋಡಿದಾಗಲೂ ಫಲ ಕಂಡಿತ್ತು. ಕಾರು ಹತ್ತಿರ ನಿಲ್ಲುವ, ಶೌಚಾಲಯವಿರುವ ಉದ್ಯಾನದಲ್ಲಿ ಬೆನ್ನಿಗೆ ಆಸರೆಯಿರುವ ಕುರ್ಚಿ ಹಾಕಿ. ಇಂಗ್ಲೆಂಡಿನ ಸುಮಾರು 20,000 ಜನರ ಸಮೀಕ್ಷೆಯಲ್ಲಿ ವಾರಕ್ಕೆ ಕನಿಷ್ಠ 120 ನಿಮಿಷ ನಿಸರ್ಗದಲ್ಲಿ ಕಳೆದವರು ಹೆಚ್ಚು ಆರೋಗ್ಯ, ನೆಮ್ಮದಿ ಹೇಳಿಕೊಂಡರು. ಒಂದೇ ಸಲವೋ ಬಿಡಿಬಿಡಿಯಾಗಿಯೋ ಎಂಬುದು ಮುಖ್ಯವಾಗಲಿಲ್ಲ. ಹೊರಗೆ ಹೋಗಲಾಗದ ದಿನ ಅವರ ಹಾಸಿಗೆಯನ್ನು ಮರ ಕಾಣುವ ಕಿಟಕಿಯ ಕಡೆ ತಿರುಗಿಸಿ. ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರ ಪೈಕಿ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಬಲವಾದ ನೋವಿನ ಮದ್ದನ್ನೂ ಕಡಿಮೆ ಕೇಳಿದರು.

ಪ್ರಶ್ನೆ: ಕೆಲಸಕ್ಕಾಗಿ ಟೋಕಿಯೊದಲ್ಲಿದ್ದೇವೆ. ಇಲ್ಲಿ ಎಲ್ಲಿಗೆ, ಯಾವಾಗ ಹೋಗಬೇಕು? – ಟೋಕಿಯೊದ ಓದುಗರು

ಉತ್ತರ: ಒಂದು ದಿನಕ್ಕೆ ರೈಲಿನಲ್ಲಿ ಒಕುತಾಮಾ. ಅಲ್ಲಿ ಚಿಕಿತ್ಸೆಗೆಂದೇ ರೂಪಿಸಿದ, ಇಳಿಜಾರು ಕಡಿಮೆಯ ದಾರಿಗಳಿವೆ. ಮಾರ್ಗದರ್ಶಕರನ್ನು ಮೊದಲೇ ಕಾಯ್ದಿರಿಸಿ. ಎರಡು ದಿನ ಸಿಕ್ಕರೆ ನಾಗಾನೊ ಪ್ರಾಂತ್ಯದ ಅಕಸಾವಾಕ್ಕೆ ಹೋಗಿ. 1982ರಲ್ಲಿ ಈ ಪದ್ಧತಿ ಆರಂಭವಾದದ್ದು ಅಲ್ಲಿ, ಹಿನೋಕಿ ಮರಗಳಿಗೆ ಮುನ್ನೂರು ವರ್ಷ. ಚಳಿಗಾಲದಲ್ಲಿ ಅದು ಮುಚ್ಚಿರುತ್ತದೆ. ಫೆಬ್ರವರಿಯಿಂದ ಏಪ್ರಿಲ್ ತನಕ ಸುಗಿ ಮರದ ಪರಾಗದಿಂದ ಅನೇಕರಿಗೆ ಸೀನು, ಕಣ್ಣುರಿ ಬರುವುದರಿಂದ ಆ ತಿಂಗಳುಗಳನ್ನು ಬಿಟ್ಟು ಮೇ ಅಥವಾ ಅಕ್ಟೋಬರ್ ಆರಿಸಿಕೊಳ್ಳಿ. ಎರಡೂ ಕಡೆ ಕರಡಿಗಳಿವೆ, ಚೀಲಕ್ಕೆ ಗಂಟೆ ಕಟ್ಟಿಕೊಂಡೇ ಹೊರಡಿ.