ಓದುಗರ ಪ್ರಶ್ನೆ: ಸುದ್ದಿ ಮಾರುಕಟ್ಟೆಗೆ ಮುಟ್ಟಿದ ದಿನ ಯಾವುದು?

ಪ್ರಶ್ನೆ: ಕಂಪನಿಗಳ ತ್ರೈಮಾಸಿಕ ಫಲಿತಾಂಶಕ್ಕೆ ಷೇರು ಬೆಲೆ ಹೇಗೆ ಸ್ಪಂದಿಸುತ್ತದೆ ಎಂಬುದು ನನ್ನ ಪಿಎಚ್‌.ಡಿ. ವಿಷಯ. ಇವೆಂಟ್ ಸ್ಟಡಿ (ಒಂದು ಸುದ್ದಿಯ ಆಸುಪಾಸಿನ ದಿನಗಳಲ್ಲಿ ಬೆಲೆ ಹೇಗೆ ಬದಲಾಯಿತೆಂದು ಅಳೆಯುವ ವಿಧಾನ) ಮಾಡಿದ್ದೇನೆ. ಫಲಿತಾಂಶದ ದಿನ ಬೆಲೆ ಹೆಚ್ಚೇನೂ ಅಲುಗಾಡುವುದಿಲ್ಲ, ಮರುದಿನ ಜಿಗಿಯುತ್ತದೆ. ನಮ್ಮ ಮಾರುಕಟ್ಟೆ ಸುದ್ದಿಯನ್ನು ತಡವಾಗಿ ಅರಗಿಸಿಕೊಳ್ಳುತ್ತದೆ ಎಂದು ಬರೆಯಬಹುದೇ?
– ಸಂಶೋಧನಾರ್ಥಿ, ನಾಗರಭಾವಿ

ಉತ್ತರ: ಈಗಲೇ ಬರೆಯಬೇಡಿ. ಮೊದಲು ನಿಮ್ಮ ದಿನಾಂಕಗಳನ್ನು ಪರೀಕ್ಷಿಸಿ. ನೀವು ಬಹುಶಃ ನಿರ್ದೇಶಕ ಮಂಡಳಿ ಸಭೆ ಸೇರಿದ ದಿನವನ್ನೇ ಸುದ್ದಿಯ ದಿನವೆಂದು ಹಿಡಿದಿದ್ದೀರಿ. ಅನೇಕ ಕಂಪನಿಗಳು ಮಧ್ಯಾಹ್ನ 3.30ಕ್ಕೆ ವಹಿವಾಟು ಮುಗಿದ ಮೇಲೆಯೇ ಫಲಿತಾಂಶ ಕೊಡುತ್ತವೆ. ಸಂಜೆ ಐದಕ್ಕೆ ಬಂದ ಸುದ್ದಿಗೆ ಅಂದಿನ ಮುಕ್ತಾಯದ ಬೆಲೆ ಸ್ಪಂದಿಸುವುದಾದರೂ ಹೇಗೆ? ಎನ್‌ಎಸ್‌ಇ ಮತ್ತು ಬಿಎಸ್‌ಇ ಜಾಲತಾಣಗಳಲ್ಲಿ ಪ್ರತಿ ಪ್ರಕಟಣೆಯ ಜೊತೆ ಗಂಟೆ, ನಿಮಿಷವೂ ದಾಖಲಾಗಿರುತ್ತದೆ. ಎರಡರಲ್ಲಿ ಮೊದಲು ಬಂದದ್ದನ್ನು ತೆಗೆದುಕೊಳ್ಳಿ. 3.30ರ ನಂತರದ್ದಾದರೆ, ಶನಿವಾರದ್ದಾದರೆ, ಮುಂದಿನ ವಹಿವಾಟಿನ ದಿನವೇ ನಿಮ್ಮ ಶೂನ್ಯ ದಿನ, ಅಂದರೆ ಸುದ್ದಿಯ ದಿನ. ಇದೊಂದನ್ನು ಸರಿಪಡಿಸಿದರೆ ನಿಮ್ಮ 'ತಡ'ದ ದೊಡ್ಡ ಪಾಲು ಮಾಯವಾಗುವ ಸಾಧ್ಯತೆಯೇ ಹೆಚ್ಚು.

ಅದಾದ ಮೇಲೂ ತಡ ಉಳಿದರೆ ಸರ್ಕ್ಯೂಟ್ ಮಿತಿಯನ್ನು ನೋಡಿ. ಡೆರಿವೇಟಿವ್ಸ್ (ಫ್ಯೂಚರ್ಸ್, ಆಪ್ಷನ್ಸ್) ವಹಿವಾಟು ಇಲ್ಲದ ಷೇರುಗಳಿಗೆ ದಿನಕ್ಕೆ 2, 5, 10 ಅಥವಾ 20 ಶೇಕಡದ ಬೆಲೆ ಮಿತಿ ಇರುತ್ತದೆ. ಶೇ 12 ಏರಬೇಕಿದ್ದ ಷೇರಿಗೆ ಶೇ 5ರ ಮಿತಿ ಇದ್ದರೆ ಉಳಿದ ಏರಿಕೆ ಮುಂದಿನ ದಿನಗಳಿಗೆ ಸರಿಯುತ್ತದೆ. ಅದು ಹೂಡಿಕೆದಾರರ ನಿಧಾನವಲ್ಲ, ನಿಯಮ ಹಾಕಿದ ತಡೆ. ಮಿತಿ ಮುಟ್ಟಿದ ಷೇರುಗಳನ್ನು ಬೇರ್ಪಡಿಸಿ ಎರಡು ಗುಂಪಿನ ಫಲಿತಾಂಶವನ್ನೂ ತೋರಿಸಿ. ವಹಿವಾಟೇ ಆಗದ ದಿನಗಳಿಗೆ ಹಿಂದಿನ ಬೆಲೆಯನ್ನು ತುಂಬಿ ಶೂನ್ಯ ಪ್ರತಿಫಲ ಸೃಷ್ಟಿಸಬೇಡಿ, ಬೀಟಾ (ಮಾರುಕಟ್ಟೆಯ ಏರಿಳಿತಕ್ಕೆ ಷೇರು ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) ಕೆಳಕ್ಕೆ ಜಾರುತ್ತದೆ.

ಬೆಲೆಗಳನ್ನು ಷೇರುಪೇಟೆಯ ದಿನವಹಿ ಬೆಲೆಪಟ್ಟಿಯಾದ ಭಾವ್‌ಕಾಪಿಯಿಂದ ಎತ್ತಿಕೊಂಡಿದ್ದರೆ ಬೋನಸ್, ಷೇರು ವಿಭಜನೆಗಳ ಹೊಂದಾಣಿಕೆ ಅದರಲ್ಲಿ ಇರುವುದಿಲ್ಲ. ಇನ್ಫೋಸಿಸ್ 2018ರ ಸೆಪ್ಟೆಂಬರ್‌ನಲ್ಲಿ ಒಂದಕ್ಕೊಂದು ಬೋನಸ್ (ಇದ್ದ ಪ್ರತಿ ಷೇರಿಗೆ ಇನ್ನೊಂದು ಉಚಿತ) ಕೊಟ್ಟಾಗ ಬೆಲೆ ಅರ್ಧಕ್ಕಿಳಿಯಿತು, ಹೂಡಿಕೆದಾರರಿಗೆ ಮಾತ್ರ ಏನೂ ನಷ್ಟವಾಗಲಿಲ್ಲ. ಹೊಂದಿಸದ ಲೆಕ್ಕದಲ್ಲಿ ಅದು ಶೇ 50ರ ಕುಸಿತ! ಒಂದೇ ದಿನ ಶೇ 40ಕ್ಕಿಂತ ಹೆಚ್ಚು ಬಿದ್ದ ಸಾಲುಗಳನ್ನೆಲ್ಲ ಪಟ್ಟಿ ಮಾಡಿ, ಒಂದೊಂದನ್ನೂ ಕಣ್ಣಿನಿಂದ ನೋಡಿ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಪ್ರತಿಫಲಗಳ ಶೇ 1ನ್ನು ಯಾಂತ್ರಿಕವಾಗಿ ಮೊಟಕುಗೊಳಿಸಿದರೆ ಈ ತಪ್ಪು ಮುಚ್ಚಿಹೋಗುತ್ತದೆಯೇ ಹೊರತು ಸರಿಹೋಗುವುದಿಲ್ಲ. ದೀಪಾವಳಿಯ ಅಲ್ಪಾವಧಿಯ ಮುಹೂರ್ತ ವಹಿವಾಟಿನ ಸಾಲೂ ದತ್ತಾಂಶದಲ್ಲಿ ಪೂರ್ತಿ ದಿನದ ವೇಷದಲ್ಲಿ ಕೂತಿರುತ್ತದೆ. ಇಟ್ಟುಕೊಂಡಿರೋ ಬಿಟ್ಟಿರೋ, ಬರೆದು ತಿಳಿಸಿ.

ಕೊನೆಯದು ಸ್ಟ್ಯಾಂಡರ್ಡ್ ಎರರ್, ಅಂದರೆ ನಿಮ್ಮ ಅಂದಾಜು ಎಷ್ಟು ಆಚೀಚೆ ಆಗಬಹುದು ಎಂಬ ಅಳತೆ. ತ್ರೈಮಾಸಿಕ ಫಲಿತಾಂಶಕ್ಕೆ 45 ದಿನ, ವಾರ್ಷಿಕಕ್ಕೆ 60 ದಿನದ ಗಡುವು. ಹಾಗಾಗಿ ಆಗಸ್ಟ್ 14, ನವೆಂಬರ್ 14, ಫೆಬ್ರುವರಿ 14 ಮತ್ತು ಮೇ 30ರ ಆಸುಪಾಸಿನಲ್ಲಿ ಕಂಪನಿಗಳು ಗುಂಪುಗುಂಪಾಗಿ ಫಲಿತಾಂಶ ಕೊಡುತ್ತವೆ. ಒಂದೇ ದಿನದ ನೂರು ಪ್ರಕಟಣೆಗಳು ನೂರು ಸ್ವತಂತ್ರ ಸಾಕ್ಷಿಗಳಲ್ಲ. ದಿನಾಂಕದ ಮೇಲೆ ಕ್ಲಸ್ಟರ್ ಮಾಡಿ, ಅಂದರೆ ಒಂದೇ ದಿನದ ಪ್ರಕಟಣೆಗಳನ್ನು ಒಂದು ಗುಂಪಾಗಿ ಪರಿಗಣಿಸಿ.

ಪ್ರಶ್ನೆ: ನೋಟು ರದ್ದತಿಯಿಂದ ಗ್ರಾಹಕ ವಸ್ತು ಕಂಪನಿಗಳ ಷೇರಿನ ಮೇಲಾದ ಪರಿಣಾಮವನ್ನು 2016ರ ನವೆಂಬರ್ 9ರ ಪ್ರತಿಫಲದಿಂದ ಅಳೆಯುವುದು ಸರಿಯೇ?
– ಎಂ.ಕಾಂ. ವಿದ್ಯಾರ್ಥಿನಿ, ಜ್ಞಾನಭಾರತಿ

ಉತ್ತರ: ಅದೊಂದೇ ದಿನದಿಂದ ಆಗದು. ಘೋಷಣೆ ಬಂದದ್ದು ನವೆಂಬರ್ 8ರ ರಾತ್ರಿ. ಮರುದಿನ ನಮ್ಮ ಪೇಟೆ ತೆರೆದ ಹೊತ್ತಿನಲ್ಲೇ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಮತ ಎಣಿಕೆ ನಡೆದಿತ್ತು, ಟ್ರಂಪ್ ಗೆಲುವೂ ಅಂದೇ ಖಚಿತವಾಯಿತು. ಎರಡು ಸುದ್ದಿಗಳು ಒಂದೇ ಬೆಲೆಯೊಳಗೆ ಬೆರೆತಿವೆ. ನಗದು ಮಾರಾಟ ಹೆಚ್ಚಿರುವ ಮತ್ತು ಕಡಿಮೆ ಇರುವ ಕಂಪನಿಗಳನ್ನು ಮೊದಲೇ ಗುರುತಿಸಿಕೊಂಡು, ಅಮೆರಿಕದ ಸುದ್ದಿಯ ಪರಿಣಾಮ ಎರಡರ ಮೇಲೂ ಒಂದೇ ಆಗಲೆಂದು ರಫ್ತಿನ ಪಾಲು ಎರಡರಲ್ಲೂ ಸಮನಾಗಿರುವಂತೆ ನೋಡಿ, ಅವುಗಳ ನಡುವಿನ ವ್ಯತ್ಯಾಸವನ್ನು ಅಳೆಯಿರಿ. ಆಗ ಉತ್ತರಕ್ಕೆ ಅರ್ಥ ಬರುತ್ತದೆ.

ಪ್ರಶ್ನೆ: ಕಂಪನಿಗಳನ್ನು ಗಾತ್ರ ಮತ್ತು ಪುಸ್ತಕ ಮೌಲ್ಯದ (ಲೆಕ್ಕಪುಸ್ತಕದಲ್ಲಿರುವ ಷೇರುದಾರರ ಪಾಲಿನ) ಮೇಲೆ ವಿಂಗಡಿಸುವ, ಅರ್ಥಶಾಸ್ತ್ರಜ್ಞರಾದ ಫಾಮಾ ಮತ್ತು ಫ್ರೆಂಚ್ ಅವರ 1993ರ ವಿಧಾನದಂತೆ ಜೂನ್ ಕೊನೆಗೆ ಪೋರ್ಟ್‌ಫೋಲಿಯೊ ಕಟ್ಟಿದ್ದೇನೆ. ಭಾರತಕ್ಕೆ ಅದು ಹೊಂದುವುದಿಲ್ಲ ಎಂದು ಮಾರ್ಗದರ್ಶಕರು ಹೇಳುತ್ತಾರೆ. ಏಕೆ?
– ಸಂಶೋಧನಾರ್ಥಿ, ಬನ್ನೇರುಘಟ್ಟ ರಸ್ತೆ

ಉತ್ತರ: ನಿಮ್ಮ ಮಾರ್ಗದರ್ಶಕರ ಮಾತು ಸರಿ. ಅಮೆರಿಕದ ಬಹುಪಾಲು ಕಂಪನಿಗಳ ಲೆಕ್ಕ ಡಿಸೆಂಬರ್‌ಗೆ ಮುಗಿಯುತ್ತದೆ. ಜುಲೈನಿಂದ ಪ್ರತಿಫಲ ಎಣಿಸಿದರೆ ಆರು ತಿಂಗಳ ಅಂತರ ಸಿಗುತ್ತದೆ, ಅಷ್ಟರಲ್ಲಿ ಲೆಕ್ಕ ಎಲ್ಲರ ಕೈಗೂ ಬಂದಿರುತ್ತದೆ. ನಮ್ಮಲ್ಲಿ ಲೆಕ್ಕ ಮುಗಿಯುವುದು ಮಾರ್ಚ್ 31ಕ್ಕೆ. ಅವರ ನಿಯಮವನ್ನು ಅಕ್ಷರಶಃ ಪಾಲಿಸಿದರೆ 2023ರ ಮಾರ್ಚ್ ಲೆಕ್ಕವನ್ನು 2024ರ ಜುಲೈನಿಂದ ಬಳಸಬೇಕಾಗುತ್ತದೆ, ಹದಿನೈದು ತಿಂಗಳ ಹಳಸು. ಅದೇ ವರ್ಷದ ಮಾರ್ಚ್ ಲೆಕ್ಕ ತೆಗೆದುಕೊಂಡರೆ ಅಂತರ ಮೂರೇ ತಿಂಗಳು. ತಡವಾಗಿ ಸಲ್ಲಿಸಿದ ಸಣ್ಣ ಕಂಪನಿಗಳ ವಿಷಯದಲ್ಲಿ ಆ ಹೊತ್ತಿಗೆ ಯಾರಿಗೂ ಗೊತ್ತಿಲ್ಲದ ಅಂಕಿಯನ್ನು ನೀವು ಬಳಸಿದಂತಾಗುತ್ತದೆ. ಸೆಪ್ಟೆಂಬರ್ ಕೊನೆಗೆ ವಿಂಗಡಿಸಿ, ಅಕ್ಟೋಬರ್‌ನಿಂದ ಪ್ರತಿಫಲ ಎಣಿಸಿ.

ಬ್ಯಾಂಕ್ ಮತ್ತು ಹಣಕಾಸು ಕಂಪನಿಗಳನ್ನು ಹೊರಗಿಡಿ, ಅವುಗಳ ಸಾಲದ ಅರ್ಥವೇ ಬೇರೆ. ಮುಚ್ಚಿಹೋದ, ಪಟ್ಟಿಯಿಂದ ಹೊರಬಿದ್ದ ಕಂಪನಿಗಳನ್ನು ಮಾತ್ರ ಒಳಗೇ ಇರಿಸಿ. ಇಂದಿನ ಸೂಚ್ಯಂಕದಲ್ಲಿರುವ ಹೆಸರುಗಳನ್ನು ಹಿಡಿದು ಇಪ್ಪತ್ತು ವರ್ಷ ಹಿಂದಕ್ಕೆ ಹೋದರೆ ಗೆದ್ದವರಷ್ಟೇ ಸಿಗುತ್ತಾರೆ. ಇಂಡ್ ಎಎಸ್ ಲೆಕ್ಕಪದ್ಧತಿ ₹500 ಕೋಟಿ ಮತ್ತು ಅದಕ್ಕಿಂತ ಹೆಚ್ಚು ನಿವ್ವಳ ಮೌಲ್ಯದ ಕಂಪನಿಗಳಿಗೆ 2016ರ ಏಪ್ರಿಲ್‌ನಿಂದ, ಷೇರುಪೇಟೆಯ ಪಟ್ಟಿಯಲ್ಲಿರುವ ಉಳಿದ ಕಂಪನಿಗಳಿಗೆ ಮರುವರ್ಷದಿಂದ ಬಂತು. ಪುಸ್ತಕ ಮೌಲ್ಯ ಅಲ್ಲಿ ದಿಢೀರನೆ ಬದಲಾದರೆ ಕಾರಣ ಅದೇ ಇರಬಹುದು. ನಿಮ್ಮ ಅಂಶಗಳು (ಫ್ಯಾಕ್ಟರ್, ಅಂದರೆ ವಿಂಗಡಿಸಿದ ಗುಂಪುಗಳ ಪ್ರತಿಫಲದ ನಡುವಿನ ವ್ಯತ್ಯಾಸ) ಸಿದ್ಧವಾದ ಮೇಲೆ ಅಹಮದಾಬಾದ್ ಐಐಎಂ ಉಚಿತವಾಗಿ ಪ್ರಕಟಿಸುವ ಭಾರತದ ಅಂಶಗಳ ಜೊತೆ ತಿಂಗಳುವಾರು ಹೋಲಿಸಿ. ಎರಡೂ ಜೊತೆಜೊತೆಗೆ ಸಾಗದಿದ್ದರೆ ದೋಷವನ್ನು ಮೊದಲು ನಿಮ್ಮ ಕೋಡ್‌ನಲ್ಲೇ ಹುಡುಕಿ.

ಪ್ರಶ್ನೆ: ಪಿಎಚ್‌.ಡಿ. ಜೊತೆಗೆ ಎಂಬಿಎ ವಿದ್ಯಾರ್ಥಿಗಳಿಗೆ ಹಣಕಾಸಿನ ಟ್ಯುಟೋರಿಯಲ್ ತೆಗೆದುಕೊಳ್ಳುತ್ತೇನೆ. ಸೂತ್ರ ಬಾಯಿಪಾಠ, ಲೆಕ್ಕ ತಪ್ಪು. ಕನ್ನಡ ಮಾಧ್ಯಮದಿಂದ ಬಂದವರು ಬಾಯಿಯೇ ಬಿಡುವುದಿಲ್ಲ. ಎಲ್ಲಿಂದ ಶುರು ಮಾಡಲಿ?
– ಸಂಶೋಧನಾರ್ಥಿನಿ, ಮಲ್ಲೇಶ್ವರ

ಉತ್ತರ: ಸೂತ್ರದಿಂದ ಬೇಡ, ಸಾಲದಿಂದ ಶುರು ಮಾಡಿ. ಒಂದು ಲಕ್ಷ ಸಾಲ, ಮೂರು ವರ್ಷ, ಫ್ಲಾಟ್ ಬಡ್ಡಿ ಶೇ 10. ಬಡ್ಡಿ 30,000, ಒಟ್ಟು 1,30,000, ಕಂತು 36, ತಿಂಗಳಿಗೆ 3,611 ರೂಪಾಯಿ. 'ನಿಜವಾದ ಬಡ್ಡಿ ಎಷ್ಟು?' ಎಂದು ಕನ್ನಡದಲ್ಲೇ ಕೇಳಿ, ಪ್ರತಿಯೊಬ್ಬರೂ ಒಂದು ಊಹೆ ಬರೆಯಲಿ. ಆಮೇಲೆ ಎಕ್ಸೆಲ್‌ನ ರೇಟ್ ಫಂಕ್ಷನ್‌ಗೆ 36, ಋಣ 3,611, ಧನ 1,00,000 ಕೊಡಿ. ತಿಂಗಳಿಗೆ ಶೇ 1.49, ವರ್ಷಕ್ಕೆ ಸುಮಾರು ಶೇ 17.9 ಬರುತ್ತದೆ. ಅಸಲು ತಿಂಗಳು ತಿಂಗಳೂ ತೀರುತ್ತಿದ್ದರೂ ಬಡ್ಡಿ ಮಾತ್ರ ಕೊನೆಯವರೆಗೆ ಪೂರ್ತಿ ಲಕ್ಷದ ಮೇಲೇ ಬಿದ್ದಿದೆ ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ. ಅರ್ಥ ಕೂತ ಮೇಲೆ ಇಂಗ್ಲಿಷ್ ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ, ಪರೀಕ್ಷೆಗೆ ಅವೂ ಬೇಕು.

ಎರಡನೆಯ ತರಗತಿಗೆ ಎನ್‌ಪಿವಿ, ಅಂದರೆ ಮುಂದೆ ಬರುವ ಹಣದ ಇಂದಿನ ಮೌಲ್ಯದಿಂದ ಹೂಡಿಕೆಯನ್ನು ಕಳೆದ ಮೊತ್ತ. ಇಲ್ಲಿ ಎಡವುವವರು ತುಂಬ ಜನ. ಎಕ್ಸೆಲ್‌ನ ಎನ್‌ಪಿವಿ ಫಂಕ್ಷನ್ ತನಗೆ ಕೊಟ್ಟ ಮೊದಲ ಮೊತ್ತವನ್ನೇ ಒಂದು ವರ್ಷದ ನಂತರದ್ದೆಂದು ಭಾವಿಸುತ್ತದೆ. ಇಂದು ಒಂದು ಲಕ್ಷ ಹೂಡಿ, ಮೂರು ವರ್ಷ, ಪ್ರತಿ ವರ್ಷದ ಕೊನೆಗೆ 40,000 ಪಡೆದರೆ, ಶೇ 10ರ ದರದಲ್ಲಿ ಸರಿಯಾದ ಉತ್ತರ ಋಣ 526. ನಾಲ್ಕೂ ಮೊತ್ತಗಳನ್ನು ಫಂಕ್ಷನ್ ಒಳಗೇ ತುರುಕಿದರೆ ಋಣ 478. ಚಿಹ್ನೆ ಬದಲಾಗದ ಕಾರಣ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಇಂದಿನ ಹೂಡಿಕೆಯನ್ನು ಫಂಕ್ಷನ್ ಹೊರಗೆ ಕೂಡಿಸಬೇಕು. ಹಣ ಯಾವಾಗ ಹೋಯಿತು, ಯಾವಾಗ ಬಂತು ಎಂಬ ಗೆರೆ ಎಳೆಯದವರಿಗೆ ಉತ್ತರ ಸರಿಯಿದ್ದರೂ ಪೂರ್ತಿ ಅಂಕ ಕೊಡಬೇಡಿ.

ನಕಲು ತಡೆಯಲು ಸಾಲದ ಮೊತ್ತವನ್ನು ಒಂದು ಲಕ್ಷಕ್ಕೆ ರೋಲ್ ನಂಬರಿನ ಸಾವಿರ ಪಟ್ಟು ಸೇರಿಸಿ ನಿಗದಿ ಮಾಡಿ. ಪ್ರತಿಯೊಬ್ಬರ ಉತ್ತರವೂ ಬೇರೆಯಾಗುತ್ತದೆ, ತಿದ್ದಲು ನಿಮಗೆ ಒಂದೇ ಹಾಳೆ ಸಾಕು. ಇನ್ನು ಸಮಯದ ಮಾತು: ಯುಜಿಸಿಯ 2022ರ ನಿಯಮಾವಳಿ ಸಂಶೋಧನಾರ್ಥಿಗಳಿಗೆ ಇಂಥ ಕೆಲಸವನ್ನು ವಾರಕ್ಕೆ 4ರಿಂದ 6 ಗಂಟೆ ವಹಿಸಬಹುದು ಎನ್ನುತ್ತದೆ, ಮೌಲ್ಯಮಾಪನವೂ ಅದರಲ್ಲೇ ಸೇರಿದೆ. ಹೊರೆ ಮೀರಿದರೆ ಈ ಸಾಲನ್ನು ತೋರಿಸಿ ಮಾತನಾಡಲು ಅಂಜಬೇಡಿ.

ಪ್ರಶ್ನೆ: ಬ್ಯಾಂಕಿನಲ್ಲಿ ಅಧಿಕಾರಿ. ಕೆಲಸ ಬಿಡದೆ ಪಿಎಚ್‌.ಡಿ. ಮಾಡಬಹುದೇ?
– ಓದುಗ, ಜಯನಗರ

ಉತ್ತರ: ಮಾಡಬಹುದು. ಅದೇ ನಿಯಮಾವಳಿ ಅರೆಕಾಲಿಕ ಪಿಎಚ್‌.ಡಿ.ಗೆ ಅವಕಾಶ ಕೊಟ್ಟಿದೆ. ಕೆಲಸದ ಕಡೆಯಿಂದ ನಿರಾಕ್ಷೇಪಣಾ ಪತ್ರ ಬೇಕು, ಕೋರ್ಸ್‌ವರ್ಕ್‌ಗೆ ಅಗತ್ಯ ಬಿದ್ದರೆ ಬಿಡುವು ಕೊಡುತ್ತೇವೆ ಎಂಬ ಮಾತೂ ಅದರಲ್ಲಿರಬೇಕು. ಕನಿಷ್ಠ 3, ಗರಿಷ್ಠ 6 ವರ್ಷ. ದೂರಶಿಕ್ಷಣದ ಪಿಎಚ್‌.ಡಿ.ಗೆ ಮಾನ್ಯತೆ ಇಲ್ಲ, ಅಂಥ ಜಾಹೀರಾತಿಗೆ ಹಣ ಕಟ್ಟಬೇಡಿ. ನಿಮ್ಮ ಶಾಖೆಯ ಗ್ರಾಹಕರ ಸಾಲದ ಮಾಹಿತಿಯ ಮೇಲೆ ವಿಷಯ ಕಟ್ಟುವ ಆಸೆಯಿದ್ದರೆ, ಸಾರಲೇಖ ಸಲ್ಲಿಸುವ ಮೊದಲೇ ಬ್ಯಾಂಕಿನ ಲಿಖಿತ ಅನುಮತಿ ಕೈಯಲ್ಲಿರಲಿ. ಅದು ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಸಾರ್ವಜನಿಕ ದತ್ತಾಂಶದಿಂದ ಉತ್ತರಿಸಬಹುದಾದ ಪ್ರಶ್ನೆಯನ್ನು ಆರಿಸಿಕೊಳ್ಳಿ.