ನಿದ್ದೆಯ ಚೆಕ್‌ರೋಲ್‌ನಲ್ಲಿ ‘ಆನೆ’ ಅನ್ನೋ ಕಾಲಂ

ದಮಯಂತಿ ಅಂತ ಕರೆಯೋಣ. ಅದು ಅವರ ಹೆಸರಲ್ಲ. ಊರು, ಮನೆಯವರ ವಿವರ, ಕೆಲವು ದಿನಾಂಕಗಳನ್ನೂ ಬದಲಿಸಿದ್ದೇನೆ. ಬರೆಯಲು ಒಪ್ಪಿಗೆ ಕೊಟ್ಟವರು ಅವರೇ. ಒಂದು ಷರತ್ತು ಮಾತ್ರ ಹಾಕಿದರು. "ಓದಿದವರು ಅಯ್ಯೋ ಪಾಪ ಅನ್ನೋ ಹಾಗೆ ಬರೀಬೇಡಿ ಮೇಡಂ."

ವಯಸ್ಸು 37. ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದ ಆಫೀಸಿನಲ್ಲಿ ಆಳುಗಳ ಹಾಜರಿ ಪಟ್ಟಿ, ಅಂದರೆ ಚೆಕ್‌ರೋಲ್ ಬರೆಯುವ ಕೆಲಸ. ಮನೆಯಲ್ಲಿ ಗಂಡ, ಹೈಸ್ಕೂಲಿಗೆ ಹೋಗುವ ಮಗ, ಎಪ್ಪತ್ತು ದಾಟಿದ ಅತ್ತೆ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಲಗಣ್ಣು ನೋಯಲು ಶುರುವಾಗಿ, ಎರಡು ದಿನದಲ್ಲಿ ಮಂಜಾಯಿತು. ಕನ್ನಡಕ ಬದಲಿಸಿದರು, ಹೋಗಲಿಲ್ಲ. ಮೈಸೂರಿನಲ್ಲಿ ಎಂಆರ್‌ಐ ಮಾಡಿಸಿದ ಮೇಲೆ ಗೊತ್ತಾಯಿತು: ಮಲ್ಟಿಪಲ್ ಸ್ಕ್ಲಿರೋಸಿಸ್, ಅಂದರೆ ಎಂಎಸ್, ಮಿದುಳು ಮತ್ತು ಬೆನ್ನುಹುರಿಯ ನರಗಳ ಕಾಯಿಲೆ. ಸ್ಟೀರಾಯ್ಡ್ ಡ್ರಿಪ್ ಕೊಟ್ಟರು, ಕಣ್ಣು ಬಹುಪಾಲು ವಾಪಸ್ ಬಂತು. ಅಲ್ಲಿಂದ ನರರೋಗ ತಜ್ಞರ ಮಾತ್ರೆ ತಪ್ಪದೆ ನಡೆಯುತ್ತಿದೆ.

ಜೂನ್ ಕೊನೆಯ ವಾರ, ಮಳೆ ಹಿಡಿದ ದಿನ, ಮಡಿಕೇರಿಗೆ, ನನ್ನ ಹತ್ತಿರ, ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ನಾನು ಮಾತ್ರೆ ಬರೆಯುವ ಡಾಕ್ಟರಲ್ಲ, ನಿದ್ದೆ ಮತ್ತು ಮನಸ್ಸಿನ ತೊಂದರೆಗಳಿಗೆ ಸಲಹೆ ಕೊಡುವವಳು. ಕಾಯಿಲೆಯ ಬಗ್ಗೆ ಅವರಿಗೆ ದೂರಿರಲಿಲ್ಲ. ಸುಸ್ತಿನ ಬಗ್ಗೆ ಇತ್ತು. "ಎದ್ದಾಗಲೇ ಸುಸ್ತು. ಸುಮ್ನೆ ಕೂತರೂ ಸುಸ್ತು. ಮೊನ್ನೆ ಚೆಕ್‌ರೋಲ್‌ನಲ್ಲಿ ಒಬ್ಬಳ ಹಾಜರಿ ಇನ್ನೊಬ್ಬಳ ಸಾಲಿಗೆ ಬರೆದೆ. ಹದಿಮೂರು ವರ್ಷದಲ್ಲಿ ಮೊದಲ ಸಲ." ಗಂಡ ಕೆಟ್ಟವರಲ್ಲ, ಆದರೆ ಒಂದು ಸಂಜೆ "ಏನೂ ಮಾಡದೆ ಇದ್ರೂ ಸುಸ್ತಾ?" ಅಂದಿದ್ದರಂತೆ. ಆ ಮಾತನ್ನು ಹೇಳುವಾಗ ಮಾತ್ರ ಅವರ ಗಂಟಲು ಕಟ್ಟಿತು.

ಆ ದಿನ ನಾನು ಮಾಡಿದ್ದು ಪುಸ್ತಕದ ಕೆಲಸ. ಸುಸ್ತು ಅಳೆಯುವ ಒಂಬತ್ತು ವಾಕ್ಯಗಳ ಪಟ್ಟಿಯೊಂದಿದೆ, ಒಂದೊಂದಕ್ಕೆ ಒಂದರಿಂದ ಏಳರವರೆಗೆ ಅಂಕ. ಸರಾಸರಿ ನಾಲ್ಕು ದಾಟಿದರೆ ಗಂಭೀರ ಅಂತ ಲೆಕ್ಕ. ಇವರದ್ದು 63ಕ್ಕೆ 55. ರಾತ್ರಿ ಸರಿಯಾಗಿ ನಿದ್ದೆ ಬರಲ್ಲ ಅಂದರು. ಸರಿ, ನಿದ್ರಾಹೀನತೆ ಅಂದುಕೊಂಡೆ. ಹಗಲು ಮಲಗಬೇಡಿ, ರಾತ್ರಿ ಹತ್ತೂವರೆಗೆ ಮುಂಚೆ ಹಾಸಿಗೆಗೆ ಹೋಗಬೇಡಿ, ಫೋನ್ ಪಕ್ಕಕ್ಕಿಡಿ, ಮಲಗುವ ಮುಂಚೆ ಬಿಸಿನೀರಿನ ಸ್ನಾನ ಮಾಡಿ ಅಂತೆಲ್ಲ ಹೇಳಿ, ನಿದ್ದೆಯ ಡೈರಿ ಬರೆಯಲು ಕೇಳಿ ಕಳಿಸಿದೆ. ಬೇರೆ ಯಾರಿಗಾದರೂ ಅರ್ಧಕ್ಕರ್ಧ ಕೆಲಸ ಮಾಡುವ ಸಲಹೆ ಅದು. ದಮಯಂತಿ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಹಾಗಾಗಿಯೇ ಎರಡೇ ವಾರಕ್ಕೆ ಬಚ್ಚಲುಮನೆಯ ಮೆಟ್ಟಿಲಲ್ಲಿ ಬಿದ್ದರು.

ಎರಡನೇ ಸಲ ಅತ್ತೆಯೂ ಜೊತೆಗೆ ಬಂದರು. ಒಬ್ಬಳನ್ನೇ ಕಳಿಸಲು ಭಯ. ಮೊದಲು ನನ್ನ ತಪ್ಪಿನ ಮಾತು ಮುಗಿಸುತ್ತೇನೆ. ಎಂಎಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರಗಳ ಮೇಲಿನ ಹೊದಿಕೆಯನ್ನು ತಿನ್ನುತ್ತದೆ. ಹೊದಿಕೆ ಸವೆದ ನರದಲ್ಲಿ ಮೈ ಬಿಸಿಯಾದರೆ ಸಂದೇಶ ಇನ್ನೂ ನಿಧಾನವಾಗುತ್ತದೆ. ಕಣ್ಣು ಮಂಜು, ಕಾಲು ಸೋಲು. 1890ರಲ್ಲೇ ಊಥೋಫ್ ಎಂಬ ಜರ್ಮನ್ ಕಣ್ಣಿನ ವೈದ್ಯರು ಇದನ್ನು ಗುರುತಿಸಿದ್ದರು, ಇವತ್ತಿಗೂ ಅವರ ಹೆಸರಲ್ಲೇ ಕರೆಯುತ್ತಾರೆ. ನಮ್ಮ ಕೊಡಗಿನ ಬಚ್ಚಲಿನ ಹಂಡೆ ಗೊತ್ತಲ್ಲ? ಮಳೆಗಾಲದಲ್ಲಿ ಸಂಜೆಯಿಂದಲೇ ಕಟ್ಟಿಗೆ ಉರಿಯುತ್ತಿರುತ್ತದೆ, ನೀರು ಕುದಿಯುತ್ತಿರುತ್ತದೆ. ಅತ್ತೆಗೆ ಅದೇ ಸುಸ್ತಿಗೆ ಮದ್ದು. ನಾನೂ ಅದಕ್ಕೆ ಮುದ್ರೆ ಒತ್ತಿದ್ದೆ. ಬಿಸಿ ಇಳಿದ ಮೇಲೆ ಅರ್ಧ ಗಂಟೆಯಲ್ಲಿ ಕಾಲು ಸರಿಹೋಯಿತು, ಹೊಸ ಹಾನಿಯೇನೂ ಇಲ್ಲ ಅಂದರು ಡಾಕ್ಟರು. ಆದರೆ ಸೊಂಟಕ್ಕೆ ಪೆಟ್ಟಾಗಿತ್ತು. ನಾನು ಕ್ಷಮೆ ಕೇಳಿದೆ. ಸ್ನಾನ ಉಗುರುಬೆಚ್ಚಗಿನ ನೀರಿನಲ್ಲಿ, ಕೂತು, ಸಂಜೆ ಬೇಗ ಅಂತ ತಿದ್ದಿದೆ.

ಆಮೇಲೆ ಡೈರಿ ತೆಗೆದರು. ಹಳೆಯ ಚೆಕ್‌ರೋಲ್ ಹಾಳೆಯ ಹಿಂಬದಿ. ಸ್ಕೇಲಿಟ್ಟು ಗೆರೆ ಎಳೆದು, ಆಳುಗಳ ಹೆಸರು ಬರೆಯುವ ಜಾಗದಲ್ಲಿ ದಿನಾಂಕ, ಮುಂದಕ್ಕೆ ಕಾಲಂಗಳು: ಮಲಗಿದ್ದು, ಎದ್ದಿದ್ದು, ಮೂತ್ರ, ಕಾಲು, ಆನೆ.

"ಆನೆ?" ಅಂದೆ.

"ಹಿತ್ತಲಲ್ಲಿ ಹಲಸಿನ ಮರ ಇದೆಯಲ್ಲ ಮೇಡಂ. ಹಣ್ಣಾದ ವಾಸನೆಗೆ ಬರ್ತವೆ. ಕಕ್ಕಸು ಇರೋದು ಅಂಗಳ ದಾಟಿ."

ಜುಲೈ 9ರ ಸಾಲು ಹೀಗಿತ್ತು. 12:10 ಮೂತ್ರ. 1:30 ಕಾಲು. 2:45 ಮೂತ್ರ, ಆನೆ ಇದೆ, ಹೋಗಲಿಲ್ಲ. 4:00 ಮೂತ್ರ. ಕೊನೆಯಲ್ಲಿ, ತೋಟದಲ್ಲಿ ಅರ್ಧ ದಿನದ ಹಾಜರಿಗೆ ಹಾಕುವಂತೆ, ನಿದ್ದೆಯ ಎದುರು ‘ಅರ್ಧ’ ಅಂತ ಬರೆದಿದ್ದರು.

ಎಂಎಸ್ ಇರುವವರಲ್ಲಿ ಮೂತ್ರಕೋಶಕ್ಕೆ ಹೋಗುವ ನರಗಳೂ ಕೆಡುವುದು ಬಹಳ ಸಾಮಾನ್ಯ. ಬಂತು ಅಂದರೆ ತಡೆಯಲಾಗುವುದಿಲ್ಲ, ಹೋದರೆ ಪೂರ್ತಿ ಖಾಲಿಯಾಗುವುದಿಲ್ಲ. ದಮಯಂತಿ ಇದಕ್ಕೆ ತಾವೇ ಉಪಾಯ ಮಾಡಿಕೊಂಡಿದ್ದರು. ಮಧ್ಯಾಹ್ನ ಮೂರರ ಮೇಲೆ ನೀರೇ ಕುಡಿಯುತ್ತಿರಲಿಲ್ಲ. ದಿನಕ್ಕೆ ಎಲ್ಲ ಸೇರಿ ಮೂರು ಲೋಟ. ಇದರಿಂದ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ, ಸೋಂಕಿಗೂ ದಾರಿ. ಉರಿ ಇದೆಯಾ ಅಂತ ಕೇಳಿದಾಗ ತಲೆ ತಗ್ಗಿಸಿ "ಒಂದು ತಿಂಗಳಿಂದ" ಅಂದರು. ಎಂಎಸ್ ಇರುವವರಿಗೆ ಸಣ್ಣ ಸೋಂಕು, ಸ್ವಲ್ಪ ಜ್ವರ ಸಾಕು, ಹಳೆಯ ಲಕ್ಷಣಗಳೆಲ್ಲ ಮತ್ತೆ ತಲೆ ಎತ್ತಲು. ಅದನ್ನು ಕಾಯಿಲೆಯೇ ಹೆಚ್ಚಾಯಿತು ಅಂದುಕೊಂಡು ಹೆದರುತ್ತಾರೆ.

‘ಕಾಲು’ ಕಾಲಮ್ಮಿನ ಅರ್ಥ ಹೇಳಿದ್ದು ಅತ್ತೆ. ಅವರು ಮಲಗುವುದು ಹಲಗೆ ಗೋಡೆಯ ಆ ಕಡೆ. "ರಾತ್ರಿಯೆಲ್ಲ ಇವಳ ಕಾಲಿನ ಸದ್ದು" ಅಂದರು. ಎಂಥ ಸದ್ದು ಅಂತ ಕೇಳಿದೆ. ಮಾತಾಡದೆ ತಮ್ಮ ಅಂಗೈಯನ್ನು ಮಡಿಲ ಸೀರೆಯ ಮೇಲಿಟ್ಟು ಉಜ್ಜಿ ತೋರಿಸಿದರು. ಸರ್ ಸರ್, ನಿಲ್ಲಿಸಿ, ಮತ್ತೆ ಸರ್ ಸರ್. ಎಷ್ಟು ರಾತ್ರಿ ಕೇಳಿಸಿಕೊಂಡಿದ್ದರೆ ಅಷ್ಟು ಸರಿಯಾಗಿ ಬರುತ್ತದೆ ಅಲ್ವಾ? ಸೊಸೆ ಆಶ್ಚರ್ಯದಿಂದ ಅತ್ತೆಯ ಮುಖ ನೋಡುತ್ತಿದ್ದರು.

"ಕಾಲೊಳಗೆ ಸೋಡಾ ತುಂಬಿದ ಹಾಗೆ ಆಗುತ್ತೆ" ಅಂದರು ದಮಯಂತಿ. ಸಂಜೆ ಮೇಲೆ ಮಾತ್ರ. ಸುಮ್ಮನಿದ್ದರೆ ಜಾಸ್ತಿ, ಆಡಿಸಿದರೆ, ಎದ್ದು ನಡೆದರೆ ಕಡಿಮೆ. ಇದಕ್ಕೆ ರೆಸ್ಟ್‌ಲೆಸ್ ಲೆಗ್ಸ್ ಅನ್ನುತ್ತಾರೆ. ಎಂಎಸ್ ಇರುವವರಲ್ಲಿ ಬೇರೆಯವರಿಗಿಂತ ಹೆಚ್ಚು ಕಾಣುತ್ತದೆ. ಮೂರು ವರ್ಷದಲ್ಲಿ ಯಾವ ಡಾಕ್ಟರಿಗೂ ಅವರು ಇದನ್ನು ಹೇಳಿರಲಿಲ್ಲ. ಕೇಳಿದವರೂ ಇಲ್ಲ, ನನ್ನನ್ನೂ ಸೇರಿಸಿ. ನಿದ್ದೆ ಬರಲಿ ಅಂತ ರಾತ್ರಿ ಒಂದು ನೆಗಡಿ ಮಾತ್ರೆ ನುಂಗುತ್ತಿದ್ದರು. ತೂಕಡಿಕೆ ತರುವ ಆ ಹಳೆಯ ಬಗೆಯ ಮಾತ್ರೆಗಳು ಈ ತೊಂದರೆಯನ್ನು ಕೆರಳಿಸುತ್ತವೆ. ಅದರ ಮೇಲೆ ಒಂಬತ್ತು ಗಂಟೆಗೆ ಅತ್ತೆಯ ಕೈಯ ಬೆಲ್ಲದ ಕಾಫಿ, ಪ್ರೀತಿಯಿಂದ, ದೊಡ್ಡ ಲೋಟದಲ್ಲಿ. ಕೆಫೀನ್ ಅರ್ಧದಷ್ಟು ಇಳಿಯಲಿಕ್ಕೇ ಸುಮಾರು ಐದು ಗಂಟೆ ಬೇಕು. ಕಾಫಿ ನಾಡಿನಲ್ಲಿ ಕೂತು ಕಾಫಿ ಬಿಡಿ ಅನ್ನುವುದು ಕಷ್ಟದ ಕೆಲಸ. ಮಧ್ಯಾಹ್ನದೊಳಗೆ ಎಷ್ಟು ಬೇಕೋ ಕುಡಿಯಿರಿ, ಆಮೇಲೆ ಬೇಡ ಅಂತ ರಾಜಿಯಾದೆವು.

ಇನ್ನೊಂದು ಎಳೆಯೂ ಇತ್ತು. ಸ್ಟೀರಾಯ್ಡ್ ಕೊಟ್ಟ ದಿನಗಳಲ್ಲಿ ಅವರಿಗೆ ಕಣ್ಣೇ ಮುಚ್ಚಿರಲಿಲ್ಲ. ಔಷಧಿ ನಿಂತರೂ ಹಾಸಿಗೆ ಕಂಡರೆ ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ. ನನ್ನ ಕೆಲಸ ನಿಜವಾಗಿ ಇದ್ದದ್ದು ಇಲ್ಲಿ. ಉಳಿದದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದು ವೈದ್ಯರಿಗೆ ಕಳಿಸಿದೆ: ಮೂತ್ರ ಪರೀಕ್ಷೆ, ಮೂತ್ರ ಹೋದ ಮೇಲೆ ಎಷ್ಟು ಉಳಿಯುತ್ತದೆ ಅನ್ನುವ ಸ್ಕ್ಯಾನ್, ಥೈರಾಯ್ಡ್, ಬಿ12, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್. ಸೋಂಕು ಇತ್ತು, ಔಷಧಿ ಆಯಿತು. ಫೆರಿಟಿನ್ 22. ಲ್ಯಾಬಿನ ಹಾಳೆಯಲ್ಲಿ ಅದು ‘ನಾರ್ಮಲ್’. ಆದರೆ ಕಾಲಿನ ಈ ತೊಂದರೆ ಇರುವವರಲ್ಲಿ 75ರವರೆಗೂ ಕಬ್ಬಿಣದ ಮಾತ್ರೆ ಯೋಚಿಸುತ್ತಾರೆ. ಇವರಿಗೂ ಶುರು ಮಾಡಿದರು. ಗೊರಕೆ, ಉಸಿರು ಕಟ್ಟುವುದು ಇರಲಿಲ್ಲ. ಸಾಯುವ ಯೋಚನೆ ಬರುತ್ತದಾ ಅಂತಲೂ ನೇರವಾಗಿ ಕೇಳಿದೆ, ಇಲ್ಲ ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು 14416 ಬರೆದುಕೊಟ್ಟೆ. ಅದನ್ನು ನಾನು ಎಲ್ಲರಿಗೂ ಕೊಡುತ್ತೇನೆ.

ಹಗಲಿನ ಸಲಹೆಯನ್ನು ತಿರುಗಿಸಿ ಹಾಕಿದೆ. ಹಗಲು ಮಲಗಬೇಡಿ ಅಂದದ್ದು ನನ್ನ ಎರಡನೇ ತಪ್ಪು. ಎಂಎಸ್‌ನ ಸುಸ್ತು ನಿದ್ದೆ ಸಾಲದ ಸುಸ್ತು ಮಾತ್ರವಲ್ಲ. ಮಳೆಗಾಲದಲ್ಲಿ ಲೈನಿನ ಮೇಲೆ ಕೊಂಬೆ ಬಿದ್ದಾಗ ಬಲ್ಬು ಹೇಗೆ ಮಿಣುಕುತ್ತದೆ? ಬಲ್ಬು ಸೋಮಾರಿಯಲ್ಲ, ಅದಕ್ಕೆ ಕರೆಂಟು ಸಾಲುತ್ತಿಲ್ಲ. ಗಂಡನನ್ನು ಕರೆಸಿ ಈ ಮಾತು ಹೇಳಿದಾಗ ಅವರು ಏನೂ ಅನ್ನಲಿಲ್ಲ, ಕಿಟಕಿ ಕಡೆ ನೋಡುತ್ತಾ ಕೂತರು. ಮಧ್ಯಾಹ್ನ ಒಂದೂವರೆಗೆ ಅಲಾರಂ ಇಟ್ಟು 20 ನಿಮಿಷ ಮಲಗುವುದು, ಸುಸ್ತಾದ ಮೇಲಲ್ಲ, ಸುಸ್ತಾಗುವ ಮೊದಲೇ. ಲೆಕ್ಕದ ಕೆಲಸ ತಲೆ ಚುರುಕಾಗಿರುವ ಬೆಳಿಗ್ಗೆ. ಅಡುಗೆಮನೆಯಲ್ಲಿ ಒಂದು ಎತ್ತರದ ಸ್ಟೂಲು. ನೂಪುಟ್ಟು (ಅಕ್ಕಿ ಶ್ಯಾವಿಗೆ) ಒತ್ತುವ ಕೆಲಸ ಗಂಡನಿಗೆ, ಯಾಕೆಂದರೆ ಅದು ಒಂದೇ ಸಲಕ್ಕೆ ಇಡೀ ಬೆಳಗಿನ ತೋಳಿನ ಬಲ ತಿಂದುಬಿಡುತ್ತದೆ. ಮಳೆ ಬಿಟ್ಟಾಗ ಅಂಗಳದಲ್ಲಿ, ಇಲ್ಲದಿದ್ದರೆ ಜಗಲಿಯಲ್ಲಿ ಹತ್ತು ನಿಮಿಷ ನಡಿಗೆ. ನೀರು ಬೆಳಿಗ್ಗೆಯಿಂದ ಹಂಚಿ ಒಂದೂವರೆ ಲೀಟರ್, ಮಲಗುವ ಎರಡು ಗಂಟೆ ಮುಂಚೆ ಮಾತ್ರ ನಿಲ್ಲಿಸುವುದು. ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳದೆ ಎದ್ದು ಕುರ್ಚಿಯಲ್ಲಿ ಕೂರುವುದು, ತೂಕಡಿಕೆ ಬಂದಾಗ ವಾಪಸ್.

ಅವರು ಒಂದು ಪ್ರಶ್ನೆ ಇಟ್ಟುಕೊಂಡೇ ಬಂದಿದ್ದರು. ಸುಸ್ತಿಗೆ ಮಾತ್ರೆ ಇದೆಯಂತಲ್ಲ? ಬರೆದುಕೊಡುವ ಹಕ್ಕು ನನಗಿಲ್ಲ, ನಿಮ್ಮ ತಜ್ಞರನ್ನು ಕೇಳಿ ಅಂದೆ. ಆದರೆ ಗೊತ್ತಿದ್ದದ್ದನ್ನು ಮುಚ್ಚಿಡಲಿಲ್ಲ. 2021ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 141 ಎಂಎಸ್ ರೋಗಿಗಳಿಗೆ ಅಮಾಂಟಡಿನ್, ಮೊಡಾಫಿನಿಲ್, ಮಿಥೈಲ್‌ಫೆನಿಡೇಟ್ ಮತ್ತು ಔಷಧವಿಲ್ಲದ ಖಾಲಿ ಮಾತ್ರೆಯನ್ನು ಸರದಿಯಲ್ಲಿ ಕೊಟ್ಟು ನೋಡಿದ್ದರು. ಸುಸ್ತಿನ ಮಟ್ಟಿಗೆ ಮೂರೂ ಖಾಲಿ ಮಾತ್ರೆಯನ್ನು ಮೀರಿಸಲಿಲ್ಲ. "ಹಾಗಾದರೆ ಸ್ಟೂಲೇ ವಾಸಿ" ಅಂದರು ದಮಯಂತಿ.

ಅತ್ತೆಯ ಪ್ರಶ್ನೆ ಬೇರೆ. ಆಟಿ ತಿಂಗಳ ಹದಿನೆಂಟನೇ ದಿನ ಕೊಡಗಿನಲ್ಲಿ ಮಾಡುವ ಮದ್ದು ಸೊಪ್ಪಿನ ಪಾಯಸ ಕೊಡಬಹುದಾ? ಕೊಡಿ, ಆದರೆ ಆ ಎರಡು ದಿನ ಮೂತ್ರ ಪರೀಕ್ಷೆಗೆ ಮಾತ್ರ ಹೋಗಬೇಡಿ ಅಂದೆ. ಮಾರನೇ ದಿನ ಮೂತ್ರ ಕೆಂಪಾಗುತ್ತದಲ್ಲ. ನಮಗೆ ಗೊತ್ತು, ಹೊರಗಿನಿಂದ ಹೊಸದಾಗಿ ಬಂದ ಲ್ಯಾಬಿನವರಿಗೆ ಗೊತ್ತಿರಬೇಕೆಂದಿಲ್ಲ. ಮೂವರೂ ನಕ್ಕೆವು. ಅವತ್ತಿನ ಒಂದೇ ನಗು.

ಜಗಳವಾದದ್ದು ಕಮೋಡ್ ಕುರ್ಚಿಗೆ. ರಾತ್ರಿ ಅಂಗಳ ದಾಟುವುದು ನಿಲ್ಲದೆ ಉಳಿದ ಯಾವುದೂ ನಡೆಯುವುದಿಲ್ಲ ಅನ್ನುವುದು ನನ್ನ ಲೆಕ್ಕ. ಹಲಸಿನ ಕಾಯಿಗಳನ್ನು ಹಣ್ಣಾಗುವ ಮುಂಚೆ ಇಳಿಸಲು ಗಂಡ ಒಪ್ಪಿದರು. ಆದರೆ ಮನೆಯೊಳಗೆ, ಮಲಗುವ ಕೋಣೆಯಲ್ಲಿ, ‘ಅದನ್ನು’ ಇಡುವುದಾ? ಅತ್ತೆ ಸೆರಗು ಬಾಯಿಗೆ ಹಿಡಿದುಕೊಂಡರು. "ದೇವರ ದೀಪ ಇರೋ ಮನೆ ಮೇಡಂ." ನಾನು ವಾದ ಮಾಡಲಿಲ್ಲ. ಜುಲೈ 9ರ ಸಾಲನ್ನು ಅವರಿಗೆ ಓದಿ ಹೇಳಿದೆ. 2:45, ಆನೆ ಇದೆ, ಹೋಗಲಿಲ್ಲ. ಆಮೇಲೆ ನಾಲ್ಕು ಗಂಟೆ. ಅವರು ಸುಮ್ಮನಾದರು. ವಾರದ ನಂತರ ಗಂಡ ಜಗಲಿಯ ಒಂದು ಮೂಲೆಗೆ ಪ್ಲೈವುಡ್ ಮರೆ ಕಟ್ಟಿಸಿ, ಲೈಟು ಹಾಕಿಸಿ, ಕುರ್ಚಿ ತಂದಿಟ್ಟರು. ಮಲಗುವ ಕೋಣೆಯೂ ಅಲ್ಲ, ದೇವರ ಕೋಣೆಯ ಪಕ್ಕವೂ ಅಲ್ಲ.

ಅಂಗವಿಕಲರ ಕಾರ್ಡಿನ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. 2016ರ ಕಾಯ್ದೆಯ 21 ವಿಧದ ಪಟ್ಟಿಯಲ್ಲಿ ಎಂಎಸ್ ಕೂಡ ಇದೆ ಅಂತ ಹೇಳಿದ್ದೇನೆ. ಜನ ಏನಂದಾರು ಅನ್ನುವ ಯೋಚನೆ ಅವರಿಗೆ. ನಾನು ಅವಸರ ಮಾಡಿಲ್ಲ.

ಅಕ್ಟೋಬರಿನಲ್ಲಿ ನಾಲ್ಕನೇ ಭೇಟಿ. ಅದೇ ಒಂಬತ್ತು ವಾಕ್ಯಗಳು, ಈ ಸಲ 44. ಇನ್ನೂ ಸರಾಸರಿ ನಾಲ್ಕರ ಮೇಲೆಯೇ. ಸುಸ್ತು ಹೋಗಿಲ್ಲ, ಹೋಗುತ್ತದೆ ಅಂತ ನಾನು ಹೇಳಿಯೂ ಇರಲಿಲ್ಲ. ವಾರಕ್ಕೆ ಒಂದೆರಡು ದಿನ ಏಳಲಾಗುವುದೇ ಇಲ್ಲ. ಆದರೆ ನಾಲ್ಕು ಗಂಟೆಯ ಚೂರುಚೂರು ನಿದ್ದೆ ಐದೂವರೆ ಗಂಟೆಯಾಗಿದೆ. ಹೆಚ್ಚಿನ ರಾತ್ರಿ ಎಚ್ಚರವಾಗುವುದು ಒಂದೇ ಸಲ. ಕಾಲಿನ ಸದ್ದು ಇನ್ನೂ ಬರುತ್ತದಾ ಅಂತ ಅತ್ತೆಯನ್ನೇ ಕೇಳಿದೆ.

"ಕೇಳಲ್ಲ. ಈಗ ನನಗೆ ಬೇರೆ ಕಷ್ಟ" ಅಂದರು.

ಏನು ಅಂತ ಕೇಳಿದೆ. ಅವರು ಹೇಳಲಿಲ್ಲ. ದಮಯಂತಿ ಬ್ಯಾಗಿನಿಂದ ಚೆಕ್‌ರೋಲ್ ತೆಗೆದು ನನ್ನ ಮುಂದಿಟ್ಟರು. ಸೆಪ್ಟೆಂಬರಿನ ಹಾಳೆಯಲ್ಲಿ ‘ಆನೆ’ ಕಾಲಂ ಪೂರ್ತಿ ಖಾಲಿ. ಅದರ ತಲೆಬರಹ ಹೊಡೆದುಹಾಕಿ, ಮೇಲೆ ಸಣ್ಣ ಅಕ್ಷರದಲ್ಲಿ ‘ಅತ್ತೆ’ ಅಂತ ಬರೆದಿತ್ತು. ಸೆಪ್ಟೆಂಬರ್ 14: 2:20 ಮೂತ್ರ. ಅತ್ತೆ ಒಳಗಿದ್ದರು, ಐದು ನಿಮಿಷ ಕಾದೆ.